ದಾಳಿಯ ಹಂಚಿಕೆ (ಕಬಡ್ಡಿ)

ದಾಳಿಯ ಹಂಚಿಕೆ ಎಂದರೆ ಕಬಡ್ಡಿ ತಂಡವೊಂದು ತನ್ನ ದಾಳಿಯ ಹೊಣೆಯನ್ನು ಒಬ್ಬನೇ ಪ್ರಮುಖ ಆಟಗಾರನಿಗೆ ಒಪ್ಪಿಸದೆ, ಸಮರ್ಥರಾದ ಇಬ್ಬರು, ಮೂವರು ಅಥವಾ ನಾಲ್ವರು ದಾಳಿಗಾರರ ನಡುವೆ ಹಂಚಿ ಆಡುವ ತಂತ್ರ. ದಾಳಿಗಾರನನ್ನು ಬಳಕೆಯ ಮಾತಿನಲ್ಲಿ ರೈಡರ್ ಎಂದೇ ಕರೆಯಲಾಗುತ್ತದೆ. ಮೇಲ್ನೋಟಕ್ಕೆ ಇದು ಹೆಚ್ಚು ಅಂಕ ಗಳಿಸುವ ಉಪಾಯದಂತೆ ಕಂಡರೂ ಇದರ ಮುಖ್ಯ ಪ್ರಯೋಜನ ಬೇರೆಯದು. ಒಬ್ಬ ದಾಳಿಗಾರನು ಔಟಾಗಿ ಹೊರಗೆ ಕುಳಿತಾಗ ಅವನನ್ನು ಮರಳಿ ಕರೆತರಬಲ್ಲ ಇನ್ನೊಬ್ಬನು ಅಂಕಣದಲ್ಲಿ ಉಳಿದಿರುತ್ತಾನೆ ಎಂಬುದೇ ಈ ತಂತ್ರದ ತಿರುಳು. ಪ್ರೊ ಕಬಡ್ಡಿ ಲೀಗ್‌ನಲ್ಲಿ ಬೆಂಗಳೂರು ಬುಲ್ಸ್ ತಂಡವು ಆರನೆಯ ಆವೃತ್ತಿಯಲ್ಲಿ ಪಡೆದ ಪ್ರಶಸ್ತಿ, ಮತ್ತು ಕರ್ನಾಟಕದ ತರಬೇತುದಾರ ಬಿ. ಸಿ. ರಮೇಶ್ ಅವರ ಮಾರ್ಗದರ್ಶನದಲ್ಲಿ ಇತರ ತಂಡಗಳು ಪಡೆದ ಪ್ರಶಸ್ತಿಗಳು ಈ ತಂತ್ರದ ಪ್ರಮುಖ ನಿದರ್ಶನಗಳಾಗಿವೆ.

ನಿಯಮಗಳ ಹಿನ್ನೆಲೆ

ಕಬಡ್ಡಿ ಪಂದ್ಯದಲ್ಲಿ ಪ್ರತಿ ತಂಡದ ಏಳು ಆಟಗಾರರು ಅಂಕಣದಲ್ಲಿರುತ್ತಾರೆ. ಪುರುಷರ ಪಂದ್ಯವು ತಲಾ 20 ನಿಮಿಷಗಳ ಎರಡು ಅವಧಿಗಳಲ್ಲಿ ನಡೆಯುತ್ತದೆ. ಎರಡೂ ತಂಡಗಳು ಸರದಿಯಂತೆ ದಾಳಿ ಮಾಡುತ್ತವೆ; ಒಂದು ದಾಳಿಯ ಗರಿಷ್ಠ ಅವಧಿ 30 ಸೆಕೆಂಡು. ಪ್ರತಿಯೊಂದು ದಾಳಿಯೂ ಪೂರ್ಣ ಅವಧಿ ನಡೆಯಿತು ಎಂದು ಎಣಿಸಿದರೆ ಪಂದ್ಯವೊಂದರಲ್ಲಿ ಒಟ್ಟು 80, ಅಂದರೆ ಒಂದು ತಂಡಕ್ಕೆ 40 ದಾಳಿಗಳು ದೊರೆಯುತ್ತವೆ. ಈ 40 ಅವಕಾಶಗಳನ್ನು ಯಾರ ಯಾರ ನಡುವೆ ಹೇಗೆ ಹಂಚಬೇಕು ಎಂಬುದೇ ತಂಡದ ಮುಂದಿರುವ ಪ್ರಶ್ನೆ.

ಹಂಚಿಕೆಯನ್ನು ಅಗತ್ಯವಾಗಿಸುವ ಮೂರು ನಿಯಮಗಳಿವೆ.

ಮೊದಲನೆಯದು ಮರುಜೀವದ ನಿಯಮ. ದಾಳಿಗಾರನು ಎದುರಾಳಿಯ ಹಿಡಿತಕ್ಕೆ ಸಿಕ್ಕರೆ ಅಂಕಣದಿಂದ ಹೊರನಡೆಯಬೇಕು. ತನ್ನ ತಂಡವು ಎದುರಾಳಿಯನ್ನು ಮುಟ್ಟಿ ಅಥವಾ ಹಿಡಿದು ಔಟ್ ಮಾಡಿದಾಗ ಮಾತ್ರ, ಔಟಾದ ಕ್ರಮದಲ್ಲಿಯೇ, ಒಬ್ಬೊಬ್ಬರಾಗಿ ಮರಳಬಹುದು. ಬೋನಸ್ ಅಂಕವು ಯಾರನ್ನೂ ಮರಳಿ ತರುವುದಿಲ್ಲ.

ಎರಡನೆಯದು 'ಮಾಡು ಇಲ್ಲವೇ ಮಡಿ' ದಾಳಿಯ ನಿಯಮ. ತಂಡವೊಂದರ ಸತತ ಎರಡು ದಾಳಿಗಳು ಅಂಕವಿಲ್ಲದೆ ಮುಗಿದರೆ ಮೂರನೆಯ ದಾಳಿಯಲ್ಲಿ ಅಂಕ ಗಳಿಸಲೇಬೇಕು. ಇಲ್ಲವಾದರೆ ದಾಳಿಗಾರನು ಔಟಾಗುತ್ತಾನೆ.

ಮೂರನೆಯದು ಆಲ್ ಔಟ್ ನಿಯಮ. ತಂಡದ ಎಲ್ಲರೂ ಔಟಾದರೆ ಎದುರಾಳಿಗೆ ಹೆಚ್ಚುವರಿ ಎರಡು ಅಂಕಗಳು ಸಲ್ಲುತ್ತವೆ, ಬಳಿಕ ಏಳು ಮಂದಿಯೂ ಅಂಕಣಕ್ಕೆ ಮರಳುತ್ತಾರೆ.

ಒಬ್ಬನೇ ದಾಳಿಗಾರನನ್ನು ನಂಬಿದ ತಂಡದಲ್ಲಿ ಅವನು ಔಟಾದ ಕೂಡಲೇ ಈ ಮೂರೂ ನಿಯಮಗಳು ಒಂದಕ್ಕೊಂದು ಕೊಂಡಿಯಾಗಿ ತಂಡದ ವಿರುದ್ಧ ತಿರುಗುತ್ತವೆ. ಉಳಿದವರ ದಾಳಿಗಳು ಬರಿದಾಗುತ್ತವೆ, ಮೂರನೆಯ ದಾಳಿಯಲ್ಲಿ ಅನನುಭವಿ ಆಟಗಾರನು ಸಿಕ್ಕಿಬೀಳುತ್ತಾನೆ, ಅಂಕಣದಲ್ಲಿ ಆಟಗಾರರ ಸಂಖ್ಯೆ ಕುಗ್ಗಿ ತಂಡವು ಆಲ್ ಔಟ್ ಆಗುವ ಹಂತ ತಲುಪುತ್ತದೆ.

ತಂಡದ ರಚನೆ

ಸಾಮಾನ್ಯವಾಗಿ ತಂಡಗಳು ಮೂವರು ದಾಳಿಗಾರರನ್ನೂ ನಾಲ್ವರು ರಕ್ಷಣಾ ಆಟಗಾರರನ್ನೂ ಕಣಕ್ಕಿಳಿಸುತ್ತವೆ. ರಕ್ಷಣಾ ಆಟಗಾರರಲ್ಲಿ ಇಬ್ಬರು ಎಡ ಮತ್ತು ಬಲ ಮೂಲೆಗಳನ್ನು, ಇನ್ನಿಬ್ಬರು ಕವರ್ ಸ್ಥಾನಗಳನ್ನು ನೋಡಿಕೊಳ್ಳುತ್ತಾರೆ. ದಾಳಿಗಾರರು ಎದುರಾಳಿಯ ದಾಳಿಯ ಸಮಯದಲ್ಲಿ ನಡುವಿನ ಸ್ಥಾನಗಳಲ್ಲಿ ನಿಲ್ಲುತ್ತಾರೆ. ನಾಲ್ಕನೆಯ ದಾಳಿಗಾರನನ್ನು ಸೇರಿಸಬೇಕಾದರೆ ಒಬ್ಬ ಕವರ್ ಆಟಗಾರನನ್ನು ಬಿಡಬೇಕಾಗುತ್ತದೆ. ಆದ್ದರಿಂದ ದಾಳಿ ಮತ್ತು ಹಿಡಿತ ಎರಡರಲ್ಲೂ ಪಳಗಿದ ಆಲ್‌ರೌಂಡರ್‌ಗಳಿಗೆ ಈ ತಂತ್ರದಲ್ಲಿ ವಿಶೇಷ ಬೆಲೆಯಿದೆ.

ಪ್ರತಿಭಾವಂತ ದಾಳಿಗಾರರು ಹಲವರಿದ್ದರೂ ಅವರ ಕೌಶಲಗಳು ಭಿನ್ನವಾಗಿದ್ದಾಗ ಮಾತ್ರ ಹಂಚಿಕೆಯು ಫಲ ಕೊಡುತ್ತದೆ. ಕೆಲವರು ಎದುರಾಳಿಯ ಎಡ ಮೂಲೆಯತ್ತ, ಕೆಲವರು ಬಲ ಮೂಲೆಯತ್ತ ಸಾಗುವುದರಲ್ಲಿ ನಿಪುಣರು. ಒಬ್ಬನು ಓಡುತ್ತಲೇ ಕೈಯಿಂದ ಮುಟ್ಟಿ ಬಂದರೆ, ಇನ್ನೊಬ್ಬನು ಹಿಡಿಯಲು ಬಂದವರ ಮೇಲಿಂದ ಜಿಗಿಯುತ್ತಾನೆ, ಮತ್ತೊಬ್ಬನು ಅವರ ಕೈಗಳ ಕೆಳಗೆ ನುಸುಳುವ 'ಡುಬ್ಕಿ'ಯನ್ನು ನೆಚ್ಚಿಕೊಂಡಿರುತ್ತಾನೆ. ದಾಳಿಯ ಬಗೆ ಪ್ರತಿ ಸಲ ಬದಲಾದಾಗ ಎದುರಾಳಿಯ ರಕ್ಷಣಾ ಸರಪಳಿಯು ಒಂದೇ ಲೆಕ್ಕಾಚಾರದಲ್ಲಿ ನೆಲೆಗೊಳ್ಳಲು ಆಗುವುದಿಲ್ಲ.

ದಾಳಿಗಳ ಹಂಚಿಕೆಯಲ್ಲಿ ಸಾಮಾನ್ಯವಾಗಿ ಕಂಡುಬರುವ ಪಾತ್ರಗಳು ಹೀಗಿವೆ:

ಮುಖ್ಯ ದಾಳಿಗಾರ: ಎದುರಾಳಿಯ ಪೂರ್ಣ ಬಲದ ರಕ್ಷಣೆಯನ್ನು ಎದುರಿಸಿ ಅಂಕ ತರುವವನು.

ಬೋನಸ್ ದಾಳಿಗಾರ: ಎದುರಾಳಿಯ ಆರು ಅಥವಾ ಏಳು ಮಂದಿ ಅಂಕಣದಲ್ಲಿದ್ದಾಗ ಬೋನಸ್ ಗೆರೆ ದಾಟಿ ಒಂದೊಂದೇ ಅಂಕ ಕೂಡಿಸುವವನು.

ಕಾಲಹರಣದ ದಾಳಿಗಾರ: ಅಪಾಯಕ್ಕೆ ಎಡೆಗೊಡದೆ ಸಮಯ ಕಳೆದು, ಮುಖ್ಯ ದಾಳಿಗಾರನಿಗೆ ವಿರಾಮ ನೀಡುವವನು.

ಮೂರನೆಯ ದಾಳಿಯ ಪರಿಣತ: 'ಮಾಡು ಇಲ್ಲವೇ ಮಡಿ' ದಾಳಿಗೆಂದೇ ಮೀಸಲಾದವನು, ಹಲವು ಬಾರಿ ಬದಲಿ ಆಟಗಾರನಾಗಿ ಅಂಕಣಕ್ಕೆ ಬರುತ್ತಾನೆ.

ಪ್ರೊ ಕಬಡ್ಡಿ ಲೀಗ್‌ನಲ್ಲಿ

ಬೆಂಗಳೂರು ಬುಲ್ಸ್

2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನ ಮೊದಲ ಎಂಟು ತಂಡಗಳಲ್ಲಿ ಬೆಂಗಳೂರು ಬುಲ್ಸ್ ಒಂದು. 2017ರ ಐದನೆಯ ಆವೃತ್ತಿಯಲ್ಲಿ ತಂಡದ ನಾಯಕ ರೋಹಿತ್ ಕುಮಾರ್ 200ಕ್ಕೂ ಹೆಚ್ಚು ದಾಳಿ ಅಂಕಗಳನ್ನು ಗಳಿಸಿ ಲೀಗ್‌ನ ಅಗ್ರ ದಾಳಿಗಾರರ ಸಾಲಿನಲ್ಲಿದ್ದರು. ಆದರೂ ತಂಡವು ಪ್ಲೇಆಫ್ ಹಂತ ತಲುಪಲಿಲ್ಲ. ಅದೇ ಆವೃತ್ತಿಯಲ್ಲಿ ಗುಜರಾತ್ ಫಾರ್ಚ್ಯೂನ್ ಜೈಂಟ್ಸ್ ತಂಡದಲ್ಲಿದ್ದ ಪವನ್ ಸೆಹ್ರಾವತ್ ಅವರಿಗೆ ದಾಳಿಯ ಅವಕಾಶಗಳು ಹೆಚ್ಚಾಗಿ ದೊರೆತಿರಲಿಲ್ಲ.

ಆರನೆಯ ಆವೃತ್ತಿಗೆ ಪವನ್ ಬೆಂಗಳೂರಿಗೆ ಮರಳಿದರು. ಅನುಭವಿ ದಾಳಿಗಾರ ಕಾಶಿಲಿಂಗ್ ಅಡಕೆ ಸಹ ತಂಡದಲ್ಲಿದ್ದರು. ತರಬೇತುದಾರ ರಣಧೀರ್ ಸಿಂಗ್ ಸೆಹ್ರಾವತ್ ದಾಳಿಯ ಭಾರವನ್ನು ಇವರ ನಡುವೆ ಹಂಚಿದರು. ರೋಹಿತ್ ನಾಯಕರಾಗಿದ್ದರೂ ಮುಖ್ಯ ದಾಳಿಗಾರನ ಸ್ಥಾನ ಪವನ್ ಅವರದಾಯಿತು. ಪವನ್ ಆ ಆವೃತ್ತಿಯಲ್ಲಿ 271 ದಾಳಿ ಅಂಕಗಳನ್ನು ಗಳಿಸಿ ಅಗ್ರಸ್ಥಾನ ಪಡೆದರು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಫೈನಲ್ ಪಂದ್ಯದಲ್ಲಿ ಬೆಂಗಳೂರು ಬುಲ್ಸ್ ತಂಡವು ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ತನ್ನ ಮೊದಲ ಪ್ರಶಸ್ತಿಯನ್ನು ಪಡೆಯಿತು. ಹಿಂದಿನ ವರ್ಷ ತಾವಿದ್ದ ತಂಡದ ವಿರುದ್ಧ ಪವನ್ 22 ದಾಳಿ ಅಂಕಗಳನ್ನು ಗಳಿಸಿದರು.

ಮರುವರ್ಷದ ಏಳನೆಯ ಆವೃತ್ತಿಯಲ್ಲಿ ದಾಳಿಯ ಭಾರವು ಬಹುಮಟ್ಟಿಗೆ ಪವನ್ ಒಬ್ಬರ ಮೇಲೆಯೇ ಬಿದ್ದಿತು. ಅವರು 346 ದಾಳಿ ಅಂಕಗಳನ್ನು ಗಳಿಸಿದರು. 2019ರ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ದಾಳಿ ಅಂಕಗಳ ದಾಖಲೆಯನ್ನೂ ಮಾಡಿದರು. ವೈಯಕ್ತಿಕ ಅಂಕಗಳು ಹಿಂದಿನ ವರ್ಷಕ್ಕಿಂತ ಹೆಚ್ಚಿದರೂ ತಂಡವು ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿ ವಿರುದ್ಧ 38–44ರಿಂದ ಸೋತಿತು.

ಬಿ. ಸಿ. ರಮೇಶ್ ತರಬೇತಿಯ ತಂಡಗಳು

2001ರ ಅರ್ಜುನ ಪ್ರಶಸ್ತಿ ಪುರಸ್ಕೃತರಾದ ಕರ್ನಾಟಕದ ಬಿ. ಸಿ. ರಮೇಶ್ ಏಳನೆಯ ಆವೃತ್ತಿಯಲ್ಲಿ ಬೆಂಗಾಲ್ ವಾರಿಯರ್ಸ್ ತಂಡದ ತರಬೇತುದಾರರಾಗಿದ್ದರು. ತಂಡದ ನಾಯಕ ಹಾಗೂ ಮುಖ್ಯ ದಾಳಿಗಾರ ಮಣಿಂದರ್ ಸಿಂಗ್ ಗಾಯದಿಂದಾಗಿ ಫೈನಲ್‌ನಲ್ಲಿ ಆಡಲಿಲ್ಲ. ಇರಾನಿನ ಮೊಹಮ್ಮದ್ ನಬಿಬಕ್ಷ್ ನಾಯಕತ್ವ ವಹಿಸಿದರು. ಕರ್ನಾಟಕದ ಸುಕೇಶ್ ಹೆಗ್ಡೆ ಮತ್ತು ಕೆ. ಪ್ರಪಂಜನ್ ದಾಳಿಯಲ್ಲಿ ಅವರಿಗೆ ಜೊತೆಯಾದರು. 2019ರ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ನಡೆದ ಆ ಪಂದ್ಯದಲ್ಲಿ ದಬಂಗ್ ಡೆಲ್ಲಿಯ ನವೀನ್ ಕುಮಾರ್ ಒಬ್ಬರೇ 18 ಅಂಕ ಗಳಿಸಿದರೂ ಬೆಂಗಾಲ್ ತಂಡವು 39–34ರಿಂದ ಗೆದ್ದಿತು.

ರಮೇಶ್ ಅವರ ತರಬೇತಿಯಲ್ಲಿಯೇ ಪುಣೇರಿ ಪಲ್ಟನ್ ತಂಡವು ಹತ್ತನೆಯ ಆವೃತ್ತಿಯ ಪ್ರಶಸ್ತಿ ಗೆದ್ದಿತು. ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಮತ್ತು ಆಕಾಶ್ ಶಿಂದೆ ಸರದಿಯಂತೆ ದಾಳಿ ನಡೆಸಿದ ಈ ತಂಡವು ಲೀಗ್ ಹಂತದಲ್ಲಿ 96 ಅಂಕಗಳೊಂದಿಗೆ ಮೊದಲ ಸ್ಥಾನದಲ್ಲಿತ್ತು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ನಡೆದ ಫೈನಲ್‌ನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಸೋಲಿಸಿತು. ಒಬ್ಬ ತಾರಾ ದಾಳಿಗಾರನಿಗೆ ಹಣ ಸುರಿಯದ ತಂಡವು ಇರಾನಿನ ರಕ್ಷಣಾ ಆಟಗಾರ ಮೊಹಮ್ಮದ್‌ರೆಜಾ ಶಾದ್ಲೂಯಿ ಅವರಿಗೆ 2.35 ಕೋಟಿ ರೂಪಾಯಿ ನೀಡಿ ರಕ್ಷಣೆಯನ್ನು ಬಲಪಡಿಸಿಕೊಂಡಿತ್ತು. ಅದೇ ಹರಾಜಿನಲ್ಲಿ ತೆಲುಗು ಟೈಟನ್ಸ್ 2.605 ಕೋಟಿ ರೂಪಾಯಿಗೆ ಪವನ್ ಸೆಹ್ರಾವತ್ ಅವರನ್ನು ಪಡೆದಿತ್ತು. ಪವನ್ 200ಕ್ಕೂ ಹೆಚ್ಚು ದಾಳಿ ಅಂಕ ಗಳಿಸಿದರೂ ಆ ತಂಡವು 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನದಲ್ಲಿ ಉಳಿಯಿತು. 2025ರ ಆವೃತ್ತಿಗೆ ರಮೇಶ್ ಬೆಂಗಳೂರು ಬುಲ್ಸ್ ತಂಡದ ಮುಖ್ಯ ತರಬೇತುದಾರರಾಗಿ ನೇಮಕಗೊಂಡರು.

ಇತರ ನಿದರ್ಶನಗಳು

ಪಟ್ನಾ ಪೈರೇಟ್ಸ್ ತಂಡವು ಸತತ ಮೂರು ಪ್ರಶಸ್ತಿಗಳನ್ನು ಗೆದ್ದ ಕಾಲದಲ್ಲಿ ಪ್ರದೀಪ್ ನರ್ವಾಲ್ ಅದರ ಮುಖ್ಯ ದಾಳಿಗಾರರಾಗಿದ್ದರು. ಅವರು ಯು.ಪಿ. ಯೋಧ ತಂಡ ಸೇರಿದ ಬಳಿಕ, ಎಂಟನೆಯ ಆವೃತ್ತಿಯಲ್ಲಿ ಪಟ್ನಾ ತಂಡವು ಕರ್ನಾಟಕದ ಪ್ರಶಾಂತ್ ಕುಮಾರ್ ರೈ ನಾಯಕತ್ವದಲ್ಲಿ ಸಚಿನ್ ತನ್ವರ್, ಗುಮಾನ್ ಸಿಂಗ್ ಮೊದಲಾದವರ ನಡುವೆ ದಾಳಿಯನ್ನು ಹಂಚಿ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆಯಿತು. ಸೆಮಿಫೈನಲ್‌ನಲ್ಲಿ ಪ್ರದೀಪ್ ಅವರಿದ್ದ ಯು.ಪಿ. ಯೋಧ ತಂಡವನ್ನೇ 38–27ರಿಂದ ಸೋಲಿಸಿತು. 2022ರ ಫೆಬ್ರವರಿ 25ರಂದು ಬೆಂಗಳೂರಿನಲ್ಲಿ ನಡೆದ ಫೈನಲ್‌ನಲ್ಲಿ ಮಾತ್ರ ದಬಂಗ್ ಡೆಲ್ಲಿಗೆ 36–37ರಿಂದ, ಒಂದೇ ಅಂಕದ ಅಂತರದಲ್ಲಿ, ಮಣಿಯಿತು. ಡೆಲ್ಲಿಯ ಪರವಾಗಿಯೂ ವಿಜಯ್ ಮಲಿಕ್ ಮತ್ತು ನವೀನ್ ಕುಮಾರ್ ಇಬ್ಬರೂ ಹತ್ತಕ್ಕಿಂತ ಹೆಚ್ಚು ಅಂಕ ಗಳಿಸಿದ್ದರು.

ಒಂಬತ್ತನೆಯ ಆವೃತ್ತಿಯಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಪಡೆದಿದ್ದ ಪವನ್ ಸೆಹ್ರಾವತ್ ಮೊದಲ ಪಂದ್ಯದಲ್ಲಿಯೇ ಗಾಯಗೊಂಡು ಇಡೀ ಆವೃತ್ತಿಯಿಂದ ಹೊರಗುಳಿದರು. ಯುವ ಆಟಗಾರ ನರೇಂದರ್ ಮತ್ತು ಅಜಿಂಕ್ಯ ಪವಾರ್ ದಾಳಿಯ ಹೊಣೆ ಹೊತ್ತುಕೊಂಡರು. ತಂಡವು ಮೊದಲ ಬಾರಿಗೆ ಪ್ಲೇಆಫ್ ಪ್ರವೇಶಿಸಿ ಸೆಮಿಫೈನಲ್ ತಲುಪಿತು.

ಮಿತಿಗಳು

ದಾಳಿಯ ಹಂಚಿಕೆಗೆ ತನ್ನದೇ ಆದ ತೊಡಕುಗಳಿವೆ. ದಾಳಿಗಾರರ ಸಂಖ್ಯೆ ಹೆಚ್ಚಿದಷ್ಟೂ ರಕ್ಷಣೆ ತೆಳುವಾಗುತ್ತದೆ. ಒಬ್ಬ ದಾಳಿಗಾರನು ಎದುರಾಳಿಯ ದೌರ್ಬಲ್ಯವನ್ನು ಗುರುತಿಸಿ ಲಯ ಕಂಡುಕೊಳ್ಳಲು ಕೆಲವು ದಾಳಿಗಳಾದರೂ ಬೇಕು. ಅವಕಾಶ ಅತಿಯಾಗಿ ಚೂರಾದರೆ ಯಾರಿಗೂ ಆ ಲಯ ದಕ್ಕುವುದಿಲ್ಲ. ಹೆಸರಾಂತ ದಾಳಿಗಾರರನ್ನು ಒಟ್ಟುಗೂಡಿಸಿದ ಮಾತ್ರಕ್ಕೆ ಯಶಸ್ಸು ಖಚಿತವಲ್ಲ. 2024ರ ಹನ್ನೊಂದನೆಯ ಆವೃತ್ತಿಯಲ್ಲಿ ಪ್ರದೀಪ್ ನರ್ವಾಲ್ ಮತ್ತು ಅಜಿಂಕ್ಯ ಪವಾರ್ ಇಬ್ಬರೂ ಇದ್ದ ಬೆಂಗಳೂರು ಬುಲ್ಸ್ ಅಂಕಪಟ್ಟಿಯ ಕೊನೆಯ ಸ್ಥಾನ ಪಡೆಯಿತು.

ಆಟಗಾರನ ದೃಷ್ಟಿಯಿಂದಲೂ ಹಂಚಿಕೆ ಸುಲಭವಲ್ಲ. ಹರಾಜಿನ ಬೆಲೆ, ಅತ್ಯುತ್ತಮ ದಾಳಿಗಾರ ಪ್ರಶಸ್ತಿ, ಪಂದ್ಯವೊಂದರಲ್ಲಿ ಹತ್ತು ದಾಳಿ ಅಂಕಗಳಿಗೆ ಸಲ್ಲುವ 'ಸೂಪರ್ 10' ಗೌರವ ಇವೆಲ್ಲವೂ ವೈಯಕ್ತಿಕ ಅಂಕಗಳನ್ನು ಆಧರಿಸಿವೆ. ಕಾಲಹರಣದ ದಾಳಿಗಾರನು ಮಾಡುವ ಕೆಲಸ ಅಂಕಪಟ್ಟಿಯಲ್ಲಿ 'ಖಾಲಿ ದಾಳಿ' ಎಂದೇ ದಾಖಲಾಗುತ್ತದೆ. ಆದರೆ ಎಲ್ಲ ದಾಳಿಗಳನ್ನೂ ಒಬ್ಬನೇ ಮಾಡಿದಾಗ ಮೊಣಕಾಲು, ಭುಜಗಳ ಗಾಯದ ಸಂಭವವೂ ಅವನ ಪಾಲಿಗೇ ಬರುತ್ತದೆ.

ಜಿಲ್ಲಾ ಮತ್ತು ತಾಲ್ಲೂಕು ಮಟ್ಟದಲ್ಲಿ

ಕರ್ನಾಟಕದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟಗಳು ತಾಲ್ಲೂಕು ಮಟ್ಟದಿಂದ ಆರಂಭವಾಗಿ ಜಿಲ್ಲೆ, ವಿಭಾಗ ಮತ್ತು ರಾಜ್ಯ ಮಟ್ಟದವರೆಗೆ ಸಾಗುತ್ತವೆ. ಕಬಡ್ಡಿ ಇವುಗಳಲ್ಲಿ ಒಂದು ಮುಖ್ಯ ಸ್ಪರ್ಧೆ. ಹಳ್ಳಿಯ ತಂಡವೊಂದಕ್ಕೆ ಒಬ್ಬನೇ ನುರಿತ ದಾಳಿಗಾರನಿದ್ದರೆ ಹಂಚಿಕೆಯ ಪ್ರಶ್ನೆ ಏಳುವುದಿಲ್ಲ. ಹಲವು ಊರುಗಳ ಆಟಗಾರರನ್ನು ಕೂಡಿಸಿ ದೊಡ್ಡ ತಂಡ ಕಟ್ಟುವಾಗ ಅದು ಮುನ್ನೆಲೆಗೆ ಬರುತ್ತದೆ. ಉದಾಹರಣೆಗೆ, 2007ರಲ್ಲಿ ರಚನೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ರಾಮನಗರ ಜಿಲ್ಲೆಯನ್ನು ತೆಗೆದುಕೊಳ್ಳಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಿಂದ ತಲಾ ಒಬ್ಬ ಮುಖ್ಯ ದಾಳಿಗಾರನನ್ನು ಆರಿಸಿ ಒಂದು ತಂಡ ಮಾಡಿದರೆ, ತನ್ನ ಊರಿನ ಪರವಾಗಿ ಪಂದ್ಯಕ್ಕೆ 25 ಬಾರಿ ದಾಳಿಗೆ ಇಳಿಯುತ್ತಿದ್ದವನು ಇಲ್ಲಿ ಸರಾಸರಿ ಹತ್ತು ದಾಳಿಗಳಿಗೆ ಹೊಂದಿಕೊಳ್ಳಬೇಕಾಗುತ್ತದೆ. ಉಳಿದ ಸಮಯದಲ್ಲಿ ಸರಪಳಿ ಕಟ್ಟಿ ಹಿಡಿಯುವುದನ್ನೂ ಕಲಿಯಬೇಕಾಗುತ್ತದೆ. ನಾಲ್ವರಲ್ಲಿ ಯಾರು ಯಾವ ಮೂಲೆಯತ್ತ ಸಾಗಬೇಕು, ಮೂರನೆಯ ದಾಳಿ ಯಾರದು, ಮುನ್ನಡೆಯಲ್ಲಿದ್ದಾಗ ಸಮಯ ಕಳೆಯುವವನು ಯಾರು ಎಂಬುದನ್ನು ಪಂದ್ಯಕ್ಕೆ ಮುನ್ನವೇ ನಿರ್ಧರಿಸದಿದ್ದರೆ ನಾಲ್ವರು ಪ್ರತಿಭಾವಂತರಿದ್ದೂ ತಂಡವು ದುರ್ಬಲವಾಗಿ ಕಾಣಬಹುದು.

ಇತರ ಕ್ರೀಡೆಗಳೊಂದಿಗೆ ಹೋಲಿಕೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಹಿಡಿದು ಓಡುವ 'ರನ್ನಿಂಗ್ ಬ್ಯಾಕ್' ಆಟಗಾರರ ಬಳಕೆಯಲ್ಲಿಯೂ ಇಂತಹದೇ ಚರ್ಚೆಯಿದೆ. 1972ರಲ್ಲಿ ಮಯಾಮಿ ಡಾಲ್ಫಿನ್ಸ್ ತಂಡದ ಲ್ಯಾರಿ ಝಾಂಕಾ 1,117 ಗಜಗಳನ್ನೂ ಮರ್ಕ್ಯುರಿ ಮಾರಿಸ್ 1,000 ಗಜಗಳನ್ನೂ ಓಡಿ, ಒಂದೇ ತಂಡದಿಂದ ಒಂದೇ ಋತುವಿನಲ್ಲಿ ಸಾವಿರ ಗಜ ತಲುಪಿದ ಮೊದಲ ಜೋಡಿಯಾದರು. ಝಾಂಕಾ ಬಲದಿಂದ ನುಗ್ಗುವವರು, ಮಾರಿಸ್ ವೇಗದಿಂದ ಬದಿಗೆ ಸರಿಯುವವರು. ಜಿಮ್ ಕೀಕ್ ಮೂರನೆಯವರಾಗಿದ್ದರು. ಆ ಋತುವಿನ 17 ಪಂದ್ಯಗಳಲ್ಲಿ ತಂಡವು ಒಂದನ್ನೂ ಸೋಲಲಿಲ್ಲ. ಎರಡೂ ಆಟಗಳಲ್ಲಿ ಹಂಚಿಕೆಯು ಆಟಗಾರರ ದಣಿವನ್ನು ತಗ್ಗಿಸುತ್ತದೆ, ಎದುರಾಳಿಯ ಊಹೆಯನ್ನು ಕೆಡಿಸುತ್ತದೆ. ಆದರೆ ಫುಟ್‌ಬಾಲ್‌ನಲ್ಲಿ ತಡೆಯಲ್ಪಟ್ಟ ಓಟಗಾರನು ಮುಂದಿನ ಸರದಿಯಲ್ಲಿಯೇ ಮತ್ತೆ ಓಡಬಹುದು. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕ ದಾಳಿಗಾರನು ಜೊತೆಗಾರನೊಬ್ಬನು ಅಂಕ ತರುವವರೆಗೂ ಹೊರಗೆ ಕಾಯಬೇಕು. ಆದ್ದರಿಂದ ಎರಡನೆಯ ದಾಳಿಗಾರನ ಅಗತ್ಯ ಕಬಡ್ಡಿಯಲ್ಲಿ ಆಟದ ನಿಯಮದಿಂದಲೇ ಹುಟ್ಟಿದೆ.

ಇದನ್ನೂ ನೋಡಿ

ಕಬಡ್ಡಿ
ಪ್ರೊ ಕಬಡ್ಡಿ ಲೀಗ್
ಬೆಂಗಳೂರು ಬುಲ್ಸ್
ಪವನ್ ಸೆಹ್ರಾವತ್