ಮಣಿಕಟ್ಟು ನೋವಿಗೆಲ್ಲ ಕೀಬೋರ್ಡ್ ಕಾರಣವಲ್ಲ: ತಡವಾದರೆ ಕೈಯ ಬಲವನ್ನೇ ಕಸಿಯುವ ಅಪರೂಪದ ಕಾಯಿಲೆಗಳಿವು

ಪುಣೆಯ ಹಿಂಜವಾಡಿಯಲ್ಲಿರುವ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್‌ನಲ್ಲಿ ಕೆಲಸ ಮಾಡುವವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕನ್ನಡಿಗರೂ ಇದ್ದಾರೆ. ಇಂಥ ಐಟಿ ಕಚೇರಿಗಳಲ್ಲಿ ಯಾರಿಗಾದರೂ ಮಣಿಕಟ್ಟು ನೋವು ಬಂದರೆ ಮೊದಲು ಬೈಗುಳ ತಿನ್ನುವುದು ಮೌಸ್ ಮತ್ತು ಕೀಬೋರ್ಡ್. ಮೆಡಿಕಲ್ ಶಾಪ್‌ನಿಂದ ಒಂದು ಬ್ಯಾಂಡ್, ನೋವಿನ ಮುಲಾಮು ತಂದರೆ ಚಿಕಿತ್ಸೆ ಮುಗಿಯಿತು ಎಂಬ ಭಾವನೆ. ಬಹುತೇಕ ನೋವುಗಳು ಹಾಗೇ ವಾಸಿಯಾಗುತ್ತವೆ, ನಿಜ. ಆದರೆ ಕೆಲವು ಅಪರೂಪದ ಕಾಯಿಲೆಗಳು ಇದೇ ನೋವಿನ ಮರೆಯಲ್ಲಿ ಬೆಳೆಯುತ್ತವೆ. ಅವು ಯಾವುವು? ಪತ್ತೆ ಹೇಗೆ? ಶಸ್ತ್ರಚಿಕಿತ್ಸೆ ಯಾವಾಗ ಬೇಕು? ಇಲ್ಲಿದೆ ಮಾಹಿತಿ.

ಸಾಮಾನ್ಯ ನೋವು ಯಾವುದು?

ಒಂದು ಕೈಯಲ್ಲಿ 27 ಮೂಳೆಗಳಿವೆ. ಅವುಗಳಲ್ಲಿ 8 ಸಣ್ಣ ಮೂಳೆಗಳು ಮಣಿಕಟ್ಟಿನಲ್ಲೇ ಎರಡು ಸಾಲಾಗಿ ಜೋಡಣೆಯಾಗಿವೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಅದು ಹೆಚ್ಚಾಗಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ಸಮಸ್ಯೆ. ಹೆಬ್ಬೆರಳಿನ ಬುಡದ ಕಡೆ ನೋವಿದ್ದು, ಮಗು ಎತ್ತುವಾಗ, ಬಟ್ಟೆ ಹಿಂಡುವಾಗ ಹೆಚ್ಚಾದರೆ ಅದು ಡಿ ಕ್ವೆರ್ವೇನ್ ಎಂಬ ಸ್ನಾಯುರಜ್ಜಿನ ತೊಂದರೆ ಇರಬಹುದು. ಇವೆರಡೂ ಸಾಮಾನ್ಯ. ಮುಂದಿನವು ಹಾಗಲ್ಲ.

ಕೀನ್‌ಬಾಕ್: ರಕ್ತ ಸಿಗದೆ ಸಾಯುವ ಮೂಳೆ

ಮಣಿಕಟ್ಟಿನ ನಡುವೆ ಅರ್ಧಚಂದ್ರಾಕಾರದ ಲ್ಯುನೇಟ್ ಎಂಬ ಮೂಳೆಯಿದೆ. ಅದಕ್ಕೆ ರಕ್ತ ಪೂರೈಕೆ ಕಡಿಮೆಯಾದರೆ ಮೂಳೆ ನಿಧಾನವಾಗಿ ಸತ್ತು, ಕುಸಿಯುತ್ತದೆ. 1910ರಲ್ಲಿ ಇದನ್ನು ವಿವರಿಸಿದ ವಿಯೆನ್ನಾದ ರೇಡಿಯಾಲಜಿ ವೈದ್ಯ ರಾಬರ್ಟ್ ಕೀನ್‌ಬಾಕ್ ಅವರ ಹೆಸರೇ ಕಾಯಿಲೆಗೂ ಬಂದಿದೆ. ಹೆಚ್ಚಾಗಿ 20ರಿಂದ 40 ವರ್ಷದೊಳಗಿನವರಲ್ಲಿ, ಅದರಲ್ಲೂ ಪುರುಷರಲ್ಲಿ ಕಾಣಿಸುತ್ತದೆ. ಮಣಿಕಟ್ಟಿನ ಹಿಂಬದಿಯ ಮಧ್ಯಭಾಗದಲ್ಲಿ ನೋವು, ಬಿಗಿತ, ಹಿಡಿತದ ಬಲ ಕುಗ್ಗುವುದು ಇದರ ಲಕ್ಷಣ.

ಮುಂಗೈಯಲ್ಲಿ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಮೂಳೆಗಳಿವೆ. ಕೆಲವರಲ್ಲಿ ಅಲ್ನಾ ಸ್ವಲ್ಪ ಗಿಡ್ಡವಿರುತ್ತದೆ. ಆಗ ಲ್ಯುನೇಟ್ ಮೇಲೆ ರೇಡಿಯಸ್‌ನ ಒತ್ತಡ ಹೆಚ್ಚು ಬೀಳುತ್ತದೆ. ಕಾಯಿಲೆಗೆ ಇದೊಂದೇ ಕಾರಣವಲ್ಲ, ಆದರೆ ಚಿಕಿತ್ಸೆ ನಿರ್ಧರಿಸುವಾಗ ವೈದ್ಯರು ಇದನ್ನು ಅಳೆದು ನೋಡುತ್ತಾರೆ.

ಎಕ್ಸ್‌ರೇ 'ನಾರ್ಮಲ್' ಬಂದರೂ ಎಚ್ಚರ

ಕೀನ್‌ಬಾಕ್‌ನ ಮೊದಲ ಹಂತದಲ್ಲಿ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದು. ಎಂಆರ್‌ಐ ಮಾಡಿದಾಗ ಮಾತ್ರ ರಕ್ತ ಪೂರೈಕೆಯ ಕೊರತೆ ಗೊತ್ತಾಗುತ್ತದೆ. ವೈದ್ಯರು ಕಾಯಿಲೆಯನ್ನು ಲಿಕ್ಟ್‌ಮನ್ ವರ್ಗೀಕರಣದಂತೆ ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಎರಡನೇ ಹಂತದಲ್ಲಿ ಮೂಳೆ ಎಕ್ಸ್‌ರೇಯಲ್ಲಿ ಹೆಚ್ಚು ಬಿಳುಪಾಗಿ ಕಾಣುತ್ತದೆ, ಮೂರರಲ್ಲಿ ಕುಸಿಯುತ್ತದೆ, ನಾಲ್ಕರಲ್ಲಿ ಸುತ್ತಲಿನ ಕೀಲುಗಳೂ ಸವೆಯುತ್ತವೆ.

ಯಾವ ಹಂತಕ್ಕೆ ಯಾವ ಶಸ್ತ್ರಚಿಕಿತ್ಸೆ?

* ಆರಂಭದಲ್ಲಿ: ಸ್ಪ್ಲಿಂಟ್ ಅಥವಾ ಪ್ಲಾಸ್ಟರ್ ಹಾಕಿ ಮಣಿಕಟ್ಟಿಗೆ ವಿಶ್ರಾಂತಿ.
* ಮೂಳೆ ಪೂರ್ತಿ ಕುಸಿಯುವ ಮೊದಲು: ಅಲ್ನಾ ಗಿಡ್ಡವಿದ್ದರೆ ರೇಡಿಯಸ್ ಅನ್ನು ಕೆಲವೇ ಮಿಲಿಮೀಟರ್ ಕತ್ತರಿಸಿ, ಪ್ಲೇಟ್ ಮತ್ತು ಸ್ಕ್ರೂ ಹಾಕಿ ಜೋಡಿಸಲಾಗುತ್ತದೆ. ಇದರಿಂದ ಲ್ಯುನೇಟ್ ಮೇಲಿನ ಭಾರ ತಗ್ಗುತ್ತದೆ. ರಕ್ತನಾಳ ಸಮೇತ ಮೂಳೆಯ ಚೂರನ್ನು ಕಸಿ ಮಾಡುವ ವಿಧಾನವೂ ಇದೆ.
* ಕೀಲು ಸವೆದ ಮೇಲೆ: ಮೊದಲ ಸಾಲಿನ ಮೂರು ಮೂಳೆಗಳನ್ನು ತೆಗೆಯುವುದು ಅಥವಾ ಮಣಿಕಟ್ಟನ್ನು ಬೆಸೆಯುವುದು. ಬೆಸೆದರೆ ನೋವು ತಗ್ಗುತ್ತದೆ, ಆದರೆ ಮಣಿಕಟ್ಟು ಮತ್ತೆ ಬಾಗುವುದಿಲ್ಲ.

ಬೇಗ ಪತ್ತೆಯಾದರೆ ಮೂಳೆ ಉಳಿಸುವ ದಾರಿಗಳಿವೆ. ತಡವಾದರೆ ಚಲನೆ ಬಿಟ್ಟುಕೊಟ್ಟು ನೋವು ಕಳೆದುಕೊಳ್ಳುವ ದಾರಿ ಮಾತ್ರ ಉಳಿಯುತ್ತದೆ.

ಬೈಕ್‌ನಿಂದ ಬಿದ್ದು ಕೈ ಊರಿದಿರಾ?

ಸ್ಕಾಫಾಯ್ಡ್ ಮೂಳೆ ಮುರಿಯುವುದು ಅಪರೂಪವಲ್ಲ, ಆದರೆ ಅದು ಕಣ್ತಪ್ಪುವುದು ಹೆಚ್ಚು. ಬೈಕ್‌ನಿಂದ ಬಿದ್ದಾಗ ಅಂಗೈ ಊರಿದರೆ ಹೆಬ್ಬೆರಳ ಬುಡದಲ್ಲಿರುವ ಈ ಮೂಳೆಗೆ ಪೆಟ್ಟಾಗುತ್ತದೆ. ಊತ ಕಡಿಮೆ ಇರುವುದರಿಂದ 'ಉಳುಕಿರಬೇಕು' ಎಂದು ಎಣ್ಣೆ ತಿಕ್ಕಿ ಸುಮ್ಮನಾಗುವವರೇ ಹೆಚ್ಚು. ಮೊದಲ ಎಕ್ಸ್‌ರೇಯಲ್ಲೂ ಬಿರುಕು ಕಾಣದೇ ಇರಬಹುದು. ಹಾಗಾಗಿ ಅನುಮಾನವಿದ್ದರೆ ಕೈಗೆ ಆಧಾರ ಕಟ್ಟಿ, 10ರಿಂದ 14 ದಿನಗಳ ನಂತರ ಮತ್ತೆ ಎಕ್ಸ್‌ರೇ ಅಥವಾ ಎಂಆರ್‌ಐ ಮಾಡಲಾಗುತ್ತದೆ.

ಈ ಮೂಳೆಗೆ ರಕ್ತ ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಹರಿಯುತ್ತದೆ. ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ತಲುಪದೆ ಮೂಳೆ ಕೂಡದೇ ಉಳಿಯಬಹುದು. ಆಗ ಬೇರೆಡೆಯ ಮೂಳೆ ಕಸಿ ಮಾಡಿ, ತಲೆಯಿಲ್ಲದ ಸಣ್ಣ ಸ್ಕ್ರೂ ಹಾಕಬೇಕಾಗುತ್ತದೆ. ಬಿಟ್ಟರೆ ವರ್ಷಗಳ ನಂತರ ಮಣಿಕಟ್ಟಿನ ಸಂಧಿವಾತ ಖಚಿತ ಎನ್ನುವಷ್ಟು ಸಾಮಾನ್ಯ.

ಉಗುರಿನಡಿಯ ಪುಟ್ಟ ಗೆಡ್ಡೆ

ಎಸಿ ಗಾಳಿ ಅಥವಾ ತಣ್ಣೀರು ತಾಗಿದ ಕೂಡಲೇ ಬೆರಳ ತುದಿಯಲ್ಲಿ ಪ್ರಾಣ ಹೋಗುವಂಥ ನೋವು. ಪಿನ್ನಿನ ತಲೆಯಿಂದ ಉಗುರಿನ ಒಂದೇ ಜಾಗ ಒತ್ತಿದರೆ ಚೀರುವಂತಾಗುತ್ತದೆ, ಪಕ್ಕದಲ್ಲಿ ಒತ್ತಿದರೆ ಏನೂ ಇಲ್ಲ. ಇದು ಗ್ಲೋಮಸ್ ಗೆಡ್ಡೆಯ ಸುಳಿವು. ಗಾತ್ರ ಕೆಲವೇ ಮಿಲಿಮೀಟರ್. ಬಹುತೇಕ ಕ್ಯಾನ್ಸರ್ ಅಲ್ಲ. ಹೆಚ್ಚಾಗಿ ಮಹಿಳೆಯರಲ್ಲಿ ಕಾಣಿಸುತ್ತದೆ. ಹೊರಗೆ ಏನೂ ಕಾಣದ ಕಾರಣ 'ಮನಸ್ಸಿನ ಭ್ರಮೆ' ಎಂದು ತಳ್ಳಿಹಾಕಿ ವರ್ಷಗಟ್ಟಲೆ ನರಳುವವರಿದ್ದಾರೆ. ಉಗುರು ಎತ್ತಿ ಗೆಡ್ಡೆಯನ್ನು ಪೂರ್ತಿ ತೆಗೆದರೆ ಸಾಮಾನ್ಯವಾಗಿ ನೋವು ಹೋಗುತ್ತದೆ. ಚೂರು ಉಳಿದರೆ ಮರುಕಳಿಸಬಹುದು.

ಯಾರನ್ನು ಕಾಣಬೇಕು?

ಕೈ ಶಸ್ತ್ರಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ವೆಲ್ಲೂರಿನ ಸಿಎಂಸಿಯಲ್ಲಿ ಡಾ. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲೇ ಕುಷ್ಠರೋಗಿಗಳ ಮಡಚಿದ ಬೆರಳುಗಳಿಗೆ ಸ್ನಾಯುರಜ್ಜು ವರ್ಗಾಯಿಸಿ ಚಲನೆ ಮರಳಿಸಿದ್ದರು. ಇಂದು ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಕೈಗೇ ಮೀಸಲಾದ ತಜ್ಞರು ಸಿಗುತ್ತಾರೆ. ಮೂಳೆ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್‌ಗಳಲ್ಲಿ ಹ್ಯಾಂಡ್ ಸರ್ಜರಿ ತರಬೇತಿ ಪಡೆದವರನ್ನು ಕೇಳಿ ಹೋಗುವುದು ಒಳ್ಳೆಯದು. ಹಳೆಯ ಎಕ್ಸ್‌ರೇಗಳನ್ನು ಎಸೆಯದೆ ಜತೆಗೊಯ್ಯಿರಿ. ಹಳೆಯದು, ಹೊಸದು ಪಕ್ಕದಲ್ಲಿಟ್ಟು ನೋಡಿದರೆ ಬದಲಾವಣೆ ಬೇಗ ತಿಳಿಯುತ್ತದೆ.

ಹೆಚ್ಚಿನ ಶಸ್ತ್ರಚಿಕಿತ್ಸೆಗಳಿಗೆ ತೋಳಿಗಷ್ಟೇ ಅರಿವಳಿಕೆ ಸಾಕಾಗುತ್ತದೆ. ಆದರೆ ಮೂಳೆ ಕೂಡಲು ತಿಂಗಳುಗಳೇ ಬೇಕಾಗಬಹುದು, ನಂತರ ಫಿಸಿಯೋಥೆರಪಿಯೂ ಅಷ್ಟೇ ಮುಖ್ಯ. ಆದ್ದರಿಂದ ಎಷ್ಟು ದಿನ ಟೈಪ್ ಮಾಡುವಂತಿಲ್ಲ, ಬೈಕ್ ಓಡಿಸುವಂತಿಲ್ಲ ಎಂಬುದನ್ನು ಮೊದಲೇ ಕೇಳಿಕೊಂಡು ರಜೆ ಹೊಂದಿಸಿಕೊಳ್ಳಿ.

ಎರಡು-ಮೂರು ವಾರ ವಿಶ್ರಾಂತಿ ಕೊಟ್ಟರೂ ನೋವು ಇಳಿಯದಿದ್ದರೆ, ಹಿಡಿತ ಸಡಿಲವಾದರೆ, ಬಿದ್ದ ನಂತರ ಹೆಬ್ಬೆರಳ ಬುಡ ಮುಟ್ಟಿದರೆ ನೋಯುತ್ತಿದ್ದರೆ ಅಥವಾ ಚಳಿಗೆ ಒಂದೇ ಬೆರಳು ಸಿಡಿಯುತ್ತಿದ್ದರೆ ಮತ್ತೊಂದು ಮುಲಾಮು ಕೊಳ್ಳುವ ಬದಲು ವೈದ್ಯರನ್ನು ಕಾಣಿ.

(ಗಮನಿಸಿ: ಇದು ಸಾಮಾನ್ಯ ಮಾಹಿತಿ ಮಾತ್ರ. ಚಿಕಿತ್ಸೆಗೆ ತಜ್ಞ ವೈದ್ಯರ ಸಲಹೆ ಪಡೆಯಿರಿ.)