ದಿನಕ್ಕೆ 11 ಸಾವಿರ ವ್ಯಾಪಾರ ಆಗ್ತಿದೆಯಾ? ಸಣ್ಣ ಅಂಗಡಿಯವರು ತಿಳ್ಕೊಬೇಕಾದ ಜಿಎಸ್‌ಟಿ ಲೆಕ್ಕ

ದೊಡ್ಡಬಳ್ಳಾಪುರ: 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಯಾರೂ ಮರೆತಿಲ್ಲ. 2021-22ರಿಂದ ಯುಪಿಐ ಮೂಲಕ ಬಂದ ಹಣ ನೋಡಿ ಕಳಿಸಿದ ನೋಟಿಸ್ ಅವು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟಿ ಅಂತ ಬಂದಿತ್ತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ಚೀಟಿ ಅಂಟಿಸಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜತೆ ಸಭೆ ಮಾಡಿ, ವಿನಾಯಿತಿ ಸರಕು ಮಾರೋರಿಂದ ತೆರಿಗೆ ವಸೂಲಿ ಮಾಡಲ್ಲ, ಉಳಿದವರು ನೋಂದಣಿ ಮಾಡಿಸಬೇಕು ಎಂದ ಮೇಲೆ 25ರ ಬಂದ್ ಕೈಬಿಟ್ಟರು.

ಕ್ಯೂಆರ್ ಕಿತ್ತಾಕಿದರೆ ತೆರಿಗೆ ತಪ್ಪುತ್ತೆ ಅನ್ನೋದು ತಪ್ಪು ತಿಳುವಳಿಕೆ. ಕಾನೂನು ನೋಡೋದು ಒಟ್ಟು ವಹಿವಾಟನ್ನ. ಅದರಲ್ಲಿ ನಗದೂ ಸೇರುತ್ತೆ.

ಮಿತಿ ಎಷ್ಟು? ಸರಕು ಮಾತ್ರ ಮಾರೋರಿಗೆ ವರ್ಷಕ್ಕೆ 40 ಲಕ್ಷ. ಸೇವೆ ಕೊಡೋರಿಗೆ 20 ಲಕ್ಷ. ಹೋಟೆಲ್, ಟೀ ಅಂಗಡಿ, ಹೊಸಕೋಟೆಯ ಬಿರಿಯಾನಿ ಅಂಗಡಿ ಎಲ್ಲ ಸೇವೆ ಲೆಕ್ಕಕ್ಕೇ ಬರುತ್ತವೆ. ವರ್ಷಪೂರ್ತಿ ಬಾಗಿಲು ತೆಗೆಯೋ ದಿನಸಿ ಅಂಗಡಿಗೆ ದಿನಕ್ಕೆ ಸುಮಾರು 11 ಸಾವಿರ ವ್ಯಾಪಾರ ಆದರೆ 40 ಲಕ್ಷ ಮುಟ್ಟುತ್ತೆ. ಹೋಟೆಲ್‌ಗೆ 5,500 ಸಾಕು. ಇದು ಲಾಭ ಅಲ್ಲ, ಗಲ್ಲಾಕ್ಕೆ ಬಿದ್ದ ಪೂರ್ತಿ ದುಡ್ಡು. ಒಂದೇ ಪ್ಯಾನ್‌ನಲ್ಲಿ ನೆಲಮಂಗಲದಲ್ಲೊಂದು, ದೇವನಹಳ್ಳಿಯಲ್ಲೊಂದು ಅಂಗಡಿ ಇದ್ದರೆ ಎರಡೂ ಕೂಡಿಸಬೇಕು. ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಇದಕ್ಕೆ ಶುಲ್ಕ ಇಲ್ಲ.

ಬರೀ ಹಾಲು, ತಾಜಾ ತರಕಾರಿ, ಹಣ್ಣು ಮಾರೋರು ಎಷ್ಟೇ ವ್ಯಾಪಾರ ಮಾಡಲಿ, ನೋಂದಣಿ ಬೇಕಿಲ್ಲ. ಆದರೆ ಹಾಲಿನ ಜತೆ ಬಿಸ್ಕತ್ತು, ಶಾಂಪೂ, ಸಿಗರೇಟು ಇಟ್ಟಿದ್ದರೆ ಮಿತಿ ಲೆಕ್ಕ ಹಾಕುವಾಗ ಹಾಲಿನ ದುಡ್ಡೂ ಸೇರುತ್ತೆ. ಎಷ್ಟೋ ಜನ ಎಡವೋದು ಇಲ್ಲೇ.

ಹಾಗಂತ ಹೆದರಬೇಕಿಲ್ಲ. ಒಂದೂವರೆ ಕೋಟಿವರೆಗೆ ವಹಿವಾಟು ಇರೋ ವ್ಯಾಪಾರಿಗಳಿಗೆ ರಾಜಿ ತೆರಿಗೆ, ಅಂದ್ರೆ ಕಾಂಪೋಸಿಷನ್ ಪದ್ಧತಿ ಇದೆ. ಅಂಗಡಿಯವರಿಗೆ ದರ ಶೇ 1, ಅದೂ ತೆರಿಗೆ ಇರೋ ಸರಕಿನ ಮೇಲೆ ಮಾತ್ರ. ದಿನಕ್ಕೆ 14 ಸಾವಿರ ವ್ಯಾಪಾರ, ಅದರಲ್ಲಿ 6 ಸಾವಿರ ಹಾಲು–ತರಕಾರಿ ಅಂದ್ಕೊಳ್ಳಿ. ಉಳಿದ 8 ಸಾವಿರ ವರ್ಷಕ್ಕೆ 29.2 ಲಕ್ಷ ಆಗುತ್ತೆ. ಅದರ ಮೇಲೆ ತೆರಿಗೆ 29,200 ರೂಪಾಯಿ. ಮೂರು ತಿಂಗಳಿಗೊಮ್ಮೆ 7,300 ಕಟ್ಟಬೇಕು, ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 18ರೊಳಗೆ. ವರ್ಷಕ್ಕೊಂದು ರಿಟರ್ನ್.

ಹೋಟೆಲ್‌ನವರು ಸ್ವಲ್ಪ ಯೋಚಿಸಿ. ಅವರಿಗೆ ರಾಜಿ ದರ ಶೇ 5, ಅದನ್ನ ಕೈಯಿಂದಲೇ ಕಟ್ಟಬೇಕು, ಗ್ರಾಹಕರ ಬಿಲ್‌ಗೆ ಹಾಕಂಗಿಲ್ಲ. ಮಾಮೂಲಿ ನೋಂದಣಿಯಲ್ಲೂ ಸಾಮಾನ್ಯ ಹೋಟೆಲ್‌ಗೆ ಶೇ 5, ಆದರೆ ಬಿಲ್‌ನಲ್ಲಿ ತಗೋಬಹುದು. ರಿಟರ್ನ್ ಕೆಲಸ ಮಾತ್ರ ಜಾಸ್ತಿ.

ದೊಡ್ಡಬಳ್ಳಾಪುರದ ಮಗ್ಗದವರಿಗೆ ಇನ್ನೊಂದು ಮಾತು. ಸ್ವಂತ ಸೀರೆಯನ್ನ ಹಿಂದೂಪುರಕ್ಕೋ ಚೆನ್ನೈಗೋ ಮಾರಿದರೆ ಅದು ಹೊರರಾಜ್ಯದ ವ್ಯಾಪಾರ. ಅದಕ್ಕೆ 40 ಲಕ್ಷದ ಮಿತಿ ನಡೆಯಲ್ಲ, ರಾಜಿ ತೆರಿಗೆಯೂ ಸಿಗಲ್ಲ.

ನೋಟಿಸ್ ಬಂದರೆ ಎತ್ತಿಟ್ಟು ಸುಮ್ಮನಾಗಬೇಡಿ, ಅದರಲ್ಲಿರೋ ಗಡುವಿನೊಳಗೆ ಉತ್ತರ ಕೊಡಿ. ಖಾತೆಗೆ ಬಂದಿದ್ದೆಲ್ಲ ವ್ಯಾಪಾರ ಅಲ್ಲ. ಚೀಟಿ ದುಡ್ಡು, ವಾಪಸ್ ಬಂದ ಕೈಸಾಲ, ಮಗ ಕಳಿಸಿದ ಹಣ ಇದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಗುರುತು ಹಾಕಿ ತೋರಿಸಿ. ಖರೀದಿ ಬಿಲ್ ಜೋಡಿಸಿಡಿ. ಇನ್ನು ಮುಂದೆ ಅಂಗಡಿ ಕ್ಯೂಆರ್‌ಗೆ ಬೇರೆ ಖಾತೆ ಮಾಡಿಸೋದು ವಾಸಿ, ಮನೆ ದುಡ್ಡು ಅದರಲ್ಲಿ ಬೆರೆಯಲ್ಲ.

ಗ್ರಾಹಕರೂ ಗಮನಿಸಿ: ರಾಜಿ ತೆರಿಗೆಯಲ್ಲಿರೋ ಅಂಗಡಿ, ಹೋಟೆಲ್‌ನವರು ಅದನ್ನ ಬೋರ್ಡ್‌ನಲ್ಲಿ, ಬಿಲ್‌ನಲ್ಲಿ ಬರೆದಿರಬೇಕು. ಅಂಥವರು ಪ್ರತ್ಯೇಕ ಜಿಎಸ್‌ಟಿ ಕೇಳಿದರೆ ಕೊಡಬೇಕಿಲ್ಲ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತೆ. ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.