ಕಲ್ಲಿಗೆ ಶಾಸನ, ಮರಕ್ಕೆ ಒಲೆ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋದವರೆಲ್ಲ ಕಲ್ಲೇಶ್ವರ ಗುಡಿಯೊಳಗೆ ಕತ್ತೆತ್ತಿ ನೋಡುತ್ತಾರೆ. 9ನೇ ಶತಮಾನದ ಕೆಲಸ. ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು. ಅದೇ ಊರಿನ ಚನ್ನಕೇಶವ ಗುಡಿಯಲ್ಲಿ ಹೊನೋಜನೆಂಬ ಶಿಲ್ಪಿಯ ಹೆಸರೂ ಉಳಿದಿದೆ. ಸಂತೋಷ. ಆದರೆ ಆ ಕಲ್ಲು ಹೊತ್ತವರು ಯಾರು? ಅವರ ಹೆಸರನ್ನು ಯಾರೂ ಕೆತ್ತಲಿಲ್ಲ.

ನಾವು ಹುಟ್ಟಿದ ಹಟ್ಟಿಯಲ್ಲಿ ಕಲ್ಲಿನ ಗುಡಿ ಇರಲಿಲ್ಲ. ತೆಂಗಿನ ಕಂಬ, ಹೆಣೆದ ಗರಿಯ ಸೂರು, ಹಲಸಿನ ಹಲಗೆಯ ಬಾಗಿಲು. ನಮ್ಮ ಮಾರಮ್ಮನಿಗೆ ಅಷ್ಟೇ. ಮರ ಉಳ್ಳವರ ತೋಟದ್ದು, ಬೆವರು ನಮ್ಮಪ್ಪಂದಿರದ್ದು. ಉಳ್ಳವರ ಕೊಬ್ಬರಿ ಅಟ್ಟಕ್ಕೆ ಕಾಯಿ ಹೊತ್ತ ಹೆಗಲೇ ಈ ಕಂಬಗಳನ್ನೂ ಹೊತ್ತದ್ದು.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಕಟ್ಟಡಕ್ಕೆ ನೂರು ವರ್ಷವಾದರೂ ಆಗಿರಬೇಕು. ಗೆದ್ದಲು ಹಿಡಿದಾಗಲೆಲ್ಲ ಕಂಬ ಬದಲಿಸುವ ಗುಡಿಗೆ ನೂರು ತುಂಬೋದು ಯಾವಾಗ? ನಮ್ಮವ್ವ ಹಳಬಳು, ಅವಳ ಗುಡಿ ಮಾತ್ರ ಯಾವತ್ತೂ ಹೊಸದು. ಬಡವರ ಚರಿತ್ರೆ ಹೀಗೆ ಕಾಯ್ದೆಯ ಹೊರಗೇ ಉಳಿಯುತ್ತದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಲಿಲ್ಲೂಯೆಟ್ ನದಿಯ ದಂಡೆಯಲ್ಲಿ, ಸ್ಕಾಟಿನ್ ಎಂಬ ಮೂಲನಿವಾಸಿಗಳ ಊರಿದೆ. ಅಲ್ಲಿನ ಬಡಗಿಗಳೇ ನೂರು ವರ್ಷಗಳ ಹಿಂದೆ ಮೂರು ಗೋಪುರದ ಮರದ ಚರ್ಚೊಂದನ್ನು ಕಟ್ಟಿ ನಿಲ್ಲಿಸಿದರು. 1981ರಲ್ಲಿ ಅದನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಸಾರಲಾಯಿತು.

ಆ ದೇವರು ಹೊರಗಿನಿಂದ ಬಂದವನಲ್ಲವೇ ಎಂದು ಕೇಳಬಹುದು. ನಿಜ. ಚರ್ಚುಗಳು ನಡೆಸಿದ ವಸತಿ ಶಾಲೆಗಳು ಆ ಜನರ ಮಕ್ಕಳಿಂದ ಅವರ ನುಡಿಯನ್ನೇ ಕಿತ್ತುಕೊಂಡವು. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಕ್ಷಮೆ ಕೇಳಿತು. 2021ರ ಮೇ ತಿಂಗಳಲ್ಲಿ ಕ್ಯಾಮ್‌ಲೂಪ್ಸ್ ಶಾಲೆಯ ನೆಲದಲ್ಲಿ ಮಕ್ಕಳ ಗೋರಿಗಳಿರಬಹುದೆಂಬ ಸುದ್ದಿ ಬಂತು. ಜೂನ್‌ನಲ್ಲಿ ಮೂಲನಿವಾಸಿಗಳ ನೆಲದ ಹಳೆಯ ಮರದ ಚರ್ಚುಗಳು ಒಂದೊಂದಾಗಿ ಸುಟ್ಟುಹೋದವು. ಆ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಅಲ್ಲಿನ ಜನರಲ್ಲೇ ಎಷ್ಟೋ ಮಂದಿ ನೊಂದುಕೊಂಡರು. ಪಾದ್ರಿಯ ಅಧಿಕಾರ ಬೇರೆ, ಹಲಗೆ ಹೆರೆದ ತಾತನ ಕೈ ಬೇರೆ. ಬೂದಿಯಾದದ್ದು ಎರಡನೆಯದೂ ಹೌದು.

ಇನ್ನು ನಮ್ಮ ತಪ್ಪಿನ ಮಾತು. ನಮ್ಮ ಹಟ್ಟಿಯ ಗುಡಿಗೂ ಆರ್‌ಸಿಸಿ ಬಂತು. ಹಬ್ಬದ ಹುರುಪಿನಲ್ಲಿ ನಾವೇ ಜಲ್ಲಿ ಹೊತ್ತೆವು. ಹಳೆಯ ಬಾಗಿಲು ಅವತ್ತಿನ ಅಡುಗೆಗೆ ಸೌದೆಯಾಯಿತು. ಅದರ ಮೇಲೆ ಉಳಿಯ ಗುರುತುಗಳಿದ್ದವು, ಎರಡು ನವಿಲು, ಒಂದು ಸೂರ್ಯ. ಕೆತ್ತಿದ್ದು ಯಾರು ಅಂತ ಕೇಳುವಷ್ಟರಲ್ಲಿ ಉರಿದುಹೋಗಿತ್ತು. ಡಿಗ್ರಿ ಓದಿದ ನಮಗೇ ತಿಳಿಯಲಿಲ್ಲ, ಯಾರನ್ನು ದೂರೋಣ?

ಸಿಮೆಂಟು ಬೇಡವೆನ್ನುತ್ತಿಲ್ಲ. ನಮ್ಮವ್ವ ಮಳೆಯಲ್ಲಿ ನೆನೆಯಬೇಕಾಗಿಲ್ಲ. ಆದರೆ ಮೇಷ್ಟ್ರುಗಳೇ, ಗೆಳೆಯರೇ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಟ್ಟಿಗಳಿಗೆ ಹೋಗಿ. ಮುದುಕಿಯರ ಪಕ್ಕ ಕೂತುಕೊಳ್ಳಿ. ಕಂಬ ನೆಟ್ಟವರ, ಬಾಗಿಲು ಕೆತ್ತಿದವರ ಹೆಸರು ಕೇಳಿ ಬರೆದುಕೊಳ್ಳಿ. ಮರ ಸೌದೆಯಾಗುವ ಮೊದಲು ಆ ಹೆಸರು ಕಾಗದಕ್ಕೆ ಬರಲಿ. ನಮ್ಮ ಶಾಸನ ಅದೇ.